ಉತ್ತರ ಬಾರದ ಪುಟ

ಚೇಚಿಯ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿಕೊಂಡಿತ್ತು. ಹುಡುಗಿಯಾಗಿದ್ದಾಗ ನೆಲ್ಯಾಡಿಯ ತೋಟದಲ್ಲಿ ರಬ್ಬರ್ ಮರ ಕೆತ್ತುವ ಕತ್ತಿ ತಗಲಿ ಆದದ್ದಂತೆ. ಯೋಚನೆಗೆ ಬಿದ್ದರೆ ಆ ಉಗುರನ್ನು ತುಟಿಗೊತ್ತಿಕೊಂಡು, ಕಂಪ್ಯೂಟರಿನ ಪರದೆಯಿಂದ ಕಣ್ಣು ಕೀಳದೆ ಕೂತುಬಿಡುತ್ತಿದ್ದರು.

ಪುತ್ತೂರಿನ ಬಸ್‌ಸ್ಟ್ಯಾಂಡಿನ ಹತ್ತಿರ, ಬಟ್ಟೆ ಅಂಗಡಿಯ ಮೇಲೆ ನಮ್ಮ ಆಫೀಸು. ಆಸ್ಪತ್ರೆ, ಶಾಲೆ, ಸೊಸೈಟಿಗಳಿಗೆ ವೆಬ್‌ಸೈಟ್ ಮಾಡಿಕೊಡುವ ನಾಲ್ಕೈದು ಜನ. ಸುಳ್ಯದಿಂದ ಬಂದು ಸೇರಿದ ನನಗೆ ಕೆಲಸ ಕಲಿಸಿದವರು ಚೇಚಿ. ಮಲಯಾಳಂನಲ್ಲಿ ಹಾಗೆಂದರೆ ಅಕ್ಕ. ಆಫೀಸಿನ ಮಾಲೀಕರೂ ಅವರನ್ನು ಹಾಗೆಯೇ ಕರೆಯುತ್ತಿದ್ದರು. ನನ್ನನ್ನು ಚೇಚಿ ಕರೆಯುತ್ತಿದ್ದದ್ದು ‘ಮೋಳೇ’, ಮಗಳೇ ಎಂದು.

ಇಡೀ ಸೈಟು ಓಡುತ್ತಿದೆ ಎಂದರೆ ಅವರಿಗೆ ಸಾಲದು. ಒಂದೊಂದೇ ಪುಟವನ್ನು ಉಳಿದದ್ದರಿಂದ ಬೇರ್ಪಡಿಸಿ, ಪುಟಕ್ಕೆ ಮಾಹಿತಿ ಕಳಿಸುವ ಸರ್ವರ್‌ನ ಬದಲು ತಾವೇ ಬರೆದ ಉತ್ತರಗಳನ್ನು ಕೊಟ್ಟು ಪರೀಕ್ಷಿಸುತ್ತಿದ್ದರು. ಸರಿಯಾದ ಉತ್ತರ, ಖಾಲಿ ಉತ್ತರ, ಕೊನೆಗೆ ಉತ್ತರವೇ ಬಾರದಿದ್ದರೆ ಏನು ಎಂಬುದು.

“ಎಲ್ಲ ಒಟ್ಟಿಗೆ ಇರುವಾಗ ತಪ್ಪು ಯಾರದ್ದು ಅಂತ ಗೊತ್ತಾಗುದಿಲ್ಲ ಮೋಳೇ. ಒಬ್ಬೊಬ್ಬರನ್ನೇ ಕೂರಿಸಿ ಕೇಳ್ಬೇಕು.”

ಒಂದು ಡಯಾಲಿಸಿಸ್ ಕೇಂದ್ರದ ಸೈಟನ್ನು ಅಂದು ಸಂಜೆಯೇ ಒಪ್ಪಿಸಬೇಕಿತ್ತು. ರೋಗಿಗಳು ತಮ್ಮ ಸರದಿ ನೋಡಿಕೊಳ್ಳುವ ಪುಟವನ್ನು ಚೇಚಿ ಪರೀಕ್ಷೆಗೆ ಕೂರಿಸಿದ್ದರು. ಸರ್ವರ್ ಮಾತಾಡದಿದ್ದಾಗ ಆ ಪುಟ ‘ಇಂದು ನಿಮ್ಮ ಸರದಿ ಇಲ್ಲ’ ಎಂದು ತೋರಿಸಿತು.

“ಸರ್ವರ್ ನಿಲ್ಲುದು ಅಪರೂಪಕ್ಕೆ. ಈಗ ಕೊಟ್ಟುಬಿಡುವ ಮಾರಾಯ್ರೆ, ಆಮೇಲೆ ನೋಡಿದ್ರಾಯ್ತು” ಎಂದರು ಮಾಲೀಕರು.

“ಗೊತ್ತಿಲ್ಲ ಅನ್ನುದೂ ಇಲ್ಲ ಅನ್ನುದೂ ಒಂದೇ ಅಲ್ಲ ಸರ್. ಇದನ್ನು ನೋಡಿದವ ಮನೆಯಲ್ಲೇ ಉಳಿತಾನೆ. ಉಳಿದ್ರೆ ಅವನ ಗತಿ ಎಂತ?”

ಅಂದು ಸೈಟು ಹೋಗಲಿಲ್ಲ. ಚೇಚಿ ಆ ಸಾಲು ಅಳಿಸಿ, ‘ಮಾಹಿತಿ ಸಿಗಲಿಲ್ಲ, ದಯವಿಟ್ಟು ಫೋನ್ ಮಾಡಿ’ ಎಂದು ಬರೆದು, ಕೆಳಗೆ ಕೇಂದ್ರದ ನಂಬರನ್ನು ದೊಡ್ಡದಾಗಿ ಹಾಕಿದರು.

ಆ ಮಳೆಗಾಲದಲ್ಲಿ ಒಂದು ದಿನ ಎಲ್ಲೋ ಕೇಬಲ್ ತುಂಡಾಗಿ ಸರ್ವರ್ ಬೆಳಗ್ಗೆಯಿಂದ ಸತ್ತುಹೋಗಿತ್ತು. ಜಾಲ್ಸೂರಿನ ಹೆಂಗಸೊಬ್ಬರು ಪುಟದಲ್ಲಿದ್ದ ನಂಬರಿಗೆ ಫೋನ್ ಮಾಡಿದರಂತೆ. ಗಂಡನ ಕಾಲು ಊದಿಕೊಂಡು ಉಸಿರು ಕಟ್ಟುತ್ತಿತ್ತು. ಸರದಿ ಉಂಟು, ಕೂಡಲೇ ಕರಕೊಂಡು ಬನ್ನಿ ಎಂದರು ಕೇಂದ್ರದವರು. ಜೀಪು ಮಾಡಿಕೊಂಡು ಬಂದರು, ಆತ ಉಳಿದ. ಅಲ್ಲಿನ ನರ್ಸು ಹೇಳಿದ ಮೇಲೆ ಮಾಲೀಕರು ಚೇಚಿಯ ಮೇಜಿನ ಹತ್ತಿರ ಬಂದರು.

“ಚೇಚಿ, ಅವತ್ತು ನೀವು ಹಟ ಹಿಡಿದದ್ದು ಒಳ್ಳೆದಾಯ್ತು.”

ಚೇಚಿ ಕೇಳಿದ್ದು ಇಷ್ಟೇ: “ಆ ಹೆಂಗಸಿಗೆ ವಾಪಸ್ ಹೋಗ್ಲಿಕ್ಕೆ ವಾಹನ ಸಿಕ್ಕಿತಾ?”

ಮರುವರ್ಷ ಚೇಚಿಗೆ ಹಿಡಿದ ಕೆಮ್ಮು ಬಿಡಲಿಲ್ಲ. ಶ್ವಾಸಕೋಶದ ಕಾಯಿಲೆ ಎಂದರು ಡಾಕ್ಟರು. ಸ್ವಲ್ಪ ಕಾಲ ಮನೆಯಿಂದಲೇ ಕೆಲಸ ಮಾಡಿದರು, ಆಮೇಲೆ ಅದೂ ನಿಂತಿತು. ನಾನು ನೆಲ್ಯಾಡಿಗೆ ಹೋದಾಗ ಹಾಸಿಗೆಯಲ್ಲಿ ಗೋಡೆಗೊರಗಿ ಕೂತಿದ್ದರು. ಗುರುತು ಸಿಗದಷ್ಟು ಸೊರಗಿದ್ದರು.

“ಇನ್ನು ನಾನು ಬರುದಿಲ್ಲ ಮೋಳೇ. ನನ್ನ ಜಾಗಕ್ಕೆ ಯಾರನ್ನಾದ್ರೂ ತೆಕ್ಕೊಳ್ಳಿ.”

“ಹಾಗೆಲ್ಲ ಹೇಳ್ಬೇಡಿ ಚೇಚಿ.”

“ಬಂದವಳಿಗೆ ನೀನೇ ಕಲಿಸು. ಬೈಬೇಡ. ನಾನು ನಿನಗೆ ಬೈಲಿಲ್ಲ ಅಲ್ವಾ?”

ನಗಲು ಹೋದರು, ಕೆಮ್ಮು ಬಂತು. ಅವರ ಗಂಡ ನೀರು ಹಿಡಿದು ಓಡಿ ಬಂದರು. ನಾನು ಬೆನ್ನು ಸವರುತ್ತಾ ನಿಂತೆ. ಕೈಗೆ ಬರೀ ಮೂಳೆ ಸಿಗುತ್ತಿತ್ತು.

ಮುಂದಿನ ವಾರ ಸುದ್ದಿ ಬಂತು. ಇಗರ್ಜಿಯಲ್ಲಿ ಮಲಯಾಳಂ ಪ್ರಾರ್ಥನೆ ನಡೆಯುತ್ತಿತ್ತು. ಪೆಟ್ಟಿಗೆ ಗುಂಡಿಗೆ ಇಳಿಸುವಾಗ ಮಾಲೀಕರು ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡರು.

ಈಗ ಕಡಬದ ಹುಡುಗಿಯೊಬ್ಬಳು ಕೆಲಸಕ್ಕೆ ಸೇರಿದ್ದಾಳೆ. ಮೊದಲ ದಿನ ಅವಳು ಚೇಚಿಯ ಕುರ್ಚಿ ಎಳೆದು ಕೂತಾಗ ನನ್ನಿಂದ ತಡೆಯಲಾಗಲಿಲ್ಲ. ಹೊರಗೆ ಹೋಗಿ ಅತ್ತು, ಮುಖ ತೊಳೆದು ಬಂದೆ.

“ಎಂತಾಯ್ತು ಅಕ್ಕ?”

“ನನಗೆ ಕಲಿಸಿದವರು ಕೂತಿದ್ದ ಜಾಗ ಅದು” ಎಂದೆ.

ಅವಳು ಗಾಬರಿಯಿಂದ ಎದ್ದುಬಿಟ್ಟಳು. ಭುಜ ಹಿಡಿದು ಅಲ್ಲೇ ಕೂರಿಸಿದೆ.