ಬೆಂಚಿನ ಮೇಲೆ ಬಿಟ್ಟ ಜಾಗ

ಕಣ್ಣು ಮುಚ್ಚಿದರೆ ನನಗೆ ಈಗಲೂ ಲಾಠಿಯ ತುದಿ ಕಾಣುತ್ತದೆ. ಅದನ್ನು ಹಿಡಿದವನ ಮುಖ ಕಾಣುವುದಿಲ್ಲ. ಎಂ.ಎ. ಓದಿದವಳು, ಕಂಡದ್ದನ್ನು ನೆಟ್ಟಗೆ ಹೇಳಬಲ್ಲೆ ಅಂದುಕೊಂಡಿದ್ದೆ. ಭಯ ನೋಡುವ ರೀತಿಯೇ ಬೇರೆ ಇರಬೇಕು.

ಬಸ್ಸುಗಳು ಚಿಕ್ಕೇರೂರಿನಲ್ಲಿ ನಿಲ್ಲದೆ ಹೋಗುತ್ತವೆ ಅಂತ ಊರಿನ ಹೆಂಗಸರೆಲ್ಲ ಒಂದು ಬೆಳಿಗ್ಗೆ ರಸ್ತೆಯಲ್ಲಿ ಕುಳಿತಿದ್ದೆವು. ಎಲ್ಲಿಂದಲೋ ಕರೆಸಿದ ಪೊಲೀಸರು ಏಳಿಸಲು ಬಂದರು, ನೂಕಾಟವಾಯಿತು. ನನ್ನ ತಲೆಗೆ ಬರುತ್ತಿದ್ದ ಏಟಿಗೆ ಪಕ್ಕದ ಮನೆಯ ಚಿಗವ್ವ ಕೈ ಅಡ್ಡ ಹಿಡಿದಳು. ಮಣಿಕಟ್ಟು ಮುರಿಯಿತು. ಖಾನಾವಳಿಗೆ ರೊಟ್ಟಿ ಬಡಿದುಕೊಡುತ್ತಿದ್ದದ್ದು ಅದೇ ಕೈಯಿಂದ.

ಪೊಲೀಸರ ಮೇಲಿನ ದೂರು ಕೇಳುವ ಪ್ರಾಧಿಕಾರವೊಂದಿದೆ ಎಂದು ಗೊತ್ತಾದದ್ದು ಆಮೇಲೆ. ಚಿಗವ್ವ ದೂರು ಕೊಟ್ಟಳು. ಹಿರೇಕೆರೂರಿನ ಪ್ರವಾಸಿ ಮಂದಿರದಲ್ಲಿ ವಿಚಾರಣೆ. ಪೊಲೀಸರಲ್ಲದವರು ಪೊಲೀಸರನ್ನು ಹೇಗೆ ಪ್ರಶ್ನೆ ಕೇಳುತ್ತಾರೆ, ದನಿ ಏರಿಸುತ್ತಾರೋ, ಅವರೂ ಸರ್ ಅನ್ನುತ್ತಾರೋ ಎಂದು ನೋಡುವ ಆಸೆ ನನಗೆ.

ಹೊರಗಿನ ಬೆಂಚಿನ ಮೇಲೆ ಕಾಯುತ್ತಿದ್ದೆವು. ಚಿಗವ್ವ ದೂರಿದ ಪೇದೆ ಸಾದಾ ಅಂಗಿಯಲ್ಲಿ ಬಂದ. ಅವಳು ಸರಿದು ಜಾಗ ಮಾಡಿ, "ಬರ್ರಿ, ಕುಂತ್ರಿ" ಅಂದಳು. ಅವನು ಕೂರದೆ ಕಂಬದ ಆಚೆ ಹೋಗಿ ನಿಂತ. ಬಾಗಿಲಲ್ಲಿದ್ದ ಅವನ ಸಾಹೇಬರು ನಕ್ಕರು.

"ಚಿಗವ್ವಾ, ನೀ ದೂರು ಕೊಟ್ಟದ್ದು ಅಂವನ ಮ್ಯಾಲ ಅಲ್ಲೇನ!" ಎಂದೆ ನಾನು, ಅವಳ ಕಿವಿಯಲ್ಲಿ.

"ಗೊತ್ತೈತಿ. ಬಾಯಿ ತಡೀಲಿಲ್ಲವಾ."

ಒಳಗೆ ಸಾಹೇಬರು ಅದನ್ನೇ ಹಿಡಿದರು. "ಈ ಅಮ್ಮಗ ಗುರ್ತ ಇಲ್ರಿ. ಕೈ ಮುರದಾಂವನ್ನ ಯಾರರ ಬಾಜೂಕ ಕುಂದರಾಕ ಕರೀತಾರೇನ್ರಿ? ನಮ್ಮ ಹುಡುಗ ಅವತ್ತ ಆ ಕಡೆ ಹೋಗೇ ಇಲ್ಲ."

ಪ್ರಾಧಿಕಾರದ ಸದಸ್ಯರು ನನ್ನನ್ನು ಕೇಳಿದರು. ಮುಖ ನೋಡಿಲ್ಲ ಎಂದೆ. ದೂರು ಅಲ್ಲಿಗೇ ಬಿತ್ತು ಅನ್ನಿಸಿತು.

ಸದಸ್ಯರಲ್ಲೊಬ್ಬರು ವಯಸ್ಸಾದ ಹೆಂಗಸು, ಸವಣೂರು ಕಡೆ ಶಾಲೆಯಲ್ಲಿ ಕಲಿಸುತ್ತಿದ್ದರಂತೆ. ಅವರು ಚಿಗವ್ವನನ್ನು ಕೇಳಿದರು, "ಗುರ್ತ ಐತೇನವಾ?"

"ಐತ್ರಿ. ಹೆಲ್ಮೆಟ್ಟಿನ ಗ್ಲಾಸ್ ಮ್ಯಾಲಿತ್ತು, ಮಾರಿ ಕಂಡೇನಿ. ಹಂಗಂತ ಬಂದಾಂವನ್ನ ನಿಂದ್ರಿಸಿ ನಾ ಹೆಂಗ ಕುಂತಿರ್ಲಿ? ಕರದೆ, ಅಂವ ಕುಂದರ್ಲಿಲ್ಲ."

ಅವರು ನಕ್ಕು ಪೇದೆಯ ಕಡೆ ತಿರುಗಿದರು. "ನಿಮ್ಮೂರು ಯಾವ್ದಪಾ?"

"ಹಾನಗಲ್ಲ ಕಡೆರಿ."

"ಹಂಗಾರ ನಮ್ಮ ಪದ್ಧತಿ ಗೊತ್ತೈತಿ. ಗುರ್ತಿಲ್ಲದ ಹಿರೇ ಹೆಣಮಗಳು ಜಾಗ ಬಿಟ್ಟು ಕರದ್ರ ಕುಂದರ್ತೇವಿ. ನೀ ಯಾಕ ಕುಂದರ್ಲಿಲ್ಲ?"

ಅವನು ಸಾಹೇಬರನ್ನು ನೋಡಿದ. ಆಮೇಲೆ ಶಾಲೆಯ ಹುಡುಗನ ಹಾಗೆ ನೆಲ ನೋಡಿದ.

"ಕೈಗೆ ಅಷ್ಟ ಪೆಟ್ಟಾಗಿತ್ತಂತ ಅವತ್ತ ಗೊತ್ತಾಗ್ಲಿಲ್ರೀ, ಅಕ್ಕೋರ."

ಸಾಹೇಬರು ಎದ್ದುನಿಂತರು. "ಕುಂದರ್ರಿ," ಎಂದರು ಆ ಹಿರಿಯ ಸದಸ್ಯೆ, ದನಿ ಏರಿಸದೆ. "ಅಂವ ಅಂದದ್ದನ್ನ ಹಂಗ ಬರಕೊಳ್ರಿ."

ದೂರು ಬೀಳಲಿಲ್ಲ. ಇಲಾಖೆಯ ವಿಚಾರಣೆಗೆ ಶಿಫಾರಸು ಹೋಗಿದೆ. ಎಲ್ಲಿಗೆ ಮುಟ್ಟುತ್ತದೋ ಗೊತ್ತಿಲ್ಲ. ಅವತ್ತು ಊರಿಗೆ ಬರುವಾಗ ಚಿಗವ್ವ, "ಅಂವನ ನೌಕರಿ ಹೋಗ್ತೈತೇನ?" ಎಂದು ಕೇಳಿದಳು. ಹೋಗಲಿ ಅಂತ ಕೇಳಿದಳೋ, ಹೋಗಬಾರದು ಅಂತಲೋ, ದನಿಯಿಂದ ತಿಳಿಯಲಿಲ್ಲ.