ನಾಯಿಯ ಕತ್ತಿಗೆ ನಾಲ್ಕು ಹನಿ

ರೇಷ್ಮೆ ಹುಳು ಸಾಕುವ ಮನೆಗೆ ಇಲಿಗಳ ಕಾಟ ಹೆಚ್ಚಾಗಿತ್ತು. ಬೆಕ್ಕು ತರೋಣ ಎಂದಳು ಹೆಂಡತಿ. ನಾನು ಮೊಬೈಲಿನಲ್ಲಿ ನಾಲ್ಕು ವಿಡಿಯೋ ನೋಡಿ ಪಂಡಿತನಾಗಿದ್ದೆ. ಇಲಿ ಹಿಡಿಯಲೆಂದೇ ಹುಟ್ಟಿದ ಜಾತಿ ಎಂದು ಜಾಕ್ ರಸೆಲ್ ಟೆರಿಯರ್ ಮರಿಯೊಂದನ್ನು ಸೂಲಿಬೆಲೆ ಹತ್ತಿರದ ನಮ್ಮ ತೋಟದ ಮನೆಗೆ ತಂದೆ.

"ಇದೇನ್ರೀ, ಇಲೀನೇ ಇದನ್ನ ಹೊತ್ಕೊಂಡು ಹೋಗುತ್ತೆ" ಎಂದು ನಕ್ಕಳು.

ಆರು ತಿಂಗಳಿಗೆ ಅದು ನಮ್ಮಿಬ್ಬರನ್ನೂ ಹಣ್ಣು ಮಾಡಿತು. ಕೂತಲ್ಲಿ ಕೂರದು. ಹಿಪ್ಪುನೇರಳೆ ಸಾಲಿನಲ್ಲೆಲ್ಲ ಗುಂಡಿ, ಡ್ರಿಪ್ ಪೈಪಿಗೆ ಹಲ್ಲು, ಕಟ್ಟಿಹಾಕಿದರೆ ಊರಿಗೆಲ್ಲ ಕೇಳುವ ಕಿರುಚಾಟ. ಆದರೆ ಇಲಿಯ ವಿಷಯದಲ್ಲಿ ಮಾತು ತಪ್ಪಲಿಲ್ಲ. ದಿನಕ್ಕೊಂದನ್ನು ಹಿಡಿದು ತಂದು ಅವಳ ಕಾಲ ಬಳಿ ಇಡುತ್ತಿತ್ತು. ಅವಳೂ ಸೋತಳು.

ಹುಳುಮನೆಯೊಳಗೆ ಮಾತ್ರ ಅದನ್ನು ಬಿಡುತ್ತಿರಲಿಲ್ಲ. ಅಲ್ಲಿ ಅವಳದೇ ಕಾನೂನು. ರೋಗ ಬಾರದಿರಲೆಂದು ಬಾಗಿಲಲ್ಲಿ ಹರಡಿದ ಸುಣ್ಣ ತುಳಿಯದೆ ಕಾಲಿಡುವಂತಿಲ್ಲ, ಸೆಂಟು, ಸೊಳ್ಳೆಬತ್ತಿ ಹತ್ತಿರ ಸುಳಿಯುವಂತಿಲ್ಲ. ಆ ಸಲದ ಹುಳುಗಳು ಇನ್ನು ನಾಲ್ಕು ದಿನಕ್ಕೆ ಗೂಡು ಕಟ್ಟುವುದರಲ್ಲಿದ್ದವು. ನಾಯಿಯ ಮೈಮೇಲೆ ಉಣ್ಣಿ ಕಂಡು ಅಂಗಡಿಯಿಂದ ಔಷಧಿ ತಂದು ಅದರ ಕತ್ತಿಗೆ ನಾಲ್ಕು ಹನಿ ಬಿಟ್ಟೆ. ಉಣ್ಣಿಯನ್ನು ಕೊಲ್ಲುವ ಮದ್ದು ರೇಷ್ಮೆ ಹುಳುವನ್ನು ಬಿಟ್ಟೀತೇ? ಇಷ್ಟು ವರ್ಷ ಹುಳು ಸಾಕಿದ ಮನೆಯವನಿಗೆ ಅದು ಹೊಳೆಯಲಿಲ್ಲ.

ಸ್ವಲ್ಪ ಹೊತ್ತಿಗೇ ಇಲಿಯೊಂದರ ಹಿಂದೆ ಬಿದ್ದ ನಾಯಿ ಬಾಗಿಲ ಬಲೆ ಹರಿದುಕೊಂಡು ಒಳಗೆ ನುಗ್ಗಿತು. ಹುಳುಗಳಿಗೆ ಹಾಕಲು ತಂದಿಟ್ಟಿದ್ದ ಸೊಪ್ಪಿನ ಮೇಲೆಲ್ಲ ಹೊರಳಾಡಿತು. ಹಿಡಿದು ಹೊರಗೆ ತಂದೆ. ಅವಳು ಬೈದಾಳೆಂದು, ನೋಡುವ ಮುಂಚೆಯೇ ಬಲೆ ಹೊಲಿದುಬಿಟ್ಟೆ.

ಮರುದಿನ ಬೆಳಿಗ್ಗೆ ಹುಳುಗಳು ತಲೆ ಎತ್ತಿ ಒದ್ದಾಡುತ್ತ ಹಸಿರು ನೀರು ಕಕ್ಕುತ್ತಿದ್ದವು. ಇಲಿಗೆ ಹೆದರಿ ಮನೆ ಸುಟ್ಟುಕೊಂಡವರ ಸಾಲಿಗೆ ನಾನೂ ಸೇರಿದ್ದೆ. ಅವಳು ಒಂದೊಂದನ್ನೇ ಅಂಗೈಯಲ್ಲಿಟ್ಟು ನೋಡಿ, ಅಲ್ಲೇ ಕುಸಿದು ಅತ್ತಳು.

"ಪಕ್ಕದ ತೋಟದೋರು ಟೊಮೇಟೊಗೆ ಔಷ್ಧಿ ಹೊಡೆದ್ರಲ್ಲ, ಗಾಳೀಲಿ ಬಂದ್ಬಿಟ್ಟಿದೆ ಕಣ್ರೀ."

ಅಷ್ಟರಲ್ಲಿ ನಾಯಿ ಬಂದು ಒಂದು ಇಲಿಯನ್ನು ಅವಳ ಮುಂದಿಟ್ಟು ಬಾಲ ಅಲ್ಲಾಡಿಸಿತು. ಅವಳು ಗಾಬರಿಯಿಂದ ನಾಯಿಯನ್ನು ಎತ್ತಿಕೊಂಡಳು.

"ಇದ್ಕೂ ಆ ವಿಷ ಸೋಕಿರುತ್ತೆ. ಬೇಗ ನೀರು ಕಾಯ್ಸಿ."

ಕಾಯಿಸಿ ಕೊಟ್ಟೆ. ಅವಳು ಸೋಪು ಹಾಕಿ ಅದರ ಕತ್ತನ್ನು ಉಜ್ಜಿ ಉಜ್ಜಿ ತೊಳೆದಳು. ನಾನು ಪಕ್ಕದಲ್ಲಿ ನಿಂತು ನೀರು ಹೊಯ್ದೆ. ಪಕ್ಕದ ತೋಟದವರ ಜೊತೆ ಅವಳು ಇವತ್ತಿಗೂ ಮಾತಾಡುವುದಿಲ್ಲ.