ಗಡಗಡಿಗೆ ಬ್ರೇಕ್ ಬಂದ ದಿನ

ನನ್ನಪ್ಪನಿಗೆ ಕೂತಲ್ಲಿ ಕೂರುವುದು ಗೊತ್ತಿಲ್ಲ. ಊಟಕ್ಕೆ ಕೂತರೂ ಒಂದು ಕಾಲು ಬಾಗಿಲ ಕಡೆಗೇ ಇರುತ್ತದೆ. ಮಗಳು ನಾನು ಹುಟ್ಟುವ ಮೊದಲೇ ಅವನು ಗುಜರಿಯಿಂದ ಹಳೇ ಜೀಪಿನ ಆಕ್ಸಲ್, ಯಾವುದೋ ಬಸ್ಸಿನ ಸ್ಟೀರಿಂಗ್, ನೀರೆತ್ತುವ ಪಂಪಿನ ಎಂಜಿನ್ ಎಲ್ಲ ತಂದು ಜೋಡಿಸಿ ಒಂದು ಗಾಡಿ ಮಾಡಿದ್ದ. ಅದರ ಸದ್ದಿಗೆ ಬೀದಿಯವರು ಇಟ್ಟ ಹೆಸರು ಗಡಗಡಿ. ಹೊಲದಿಂದ ಕುಂಬಳ, ಎಲೆಕೋಸು ಹೊತ್ತು ಅದು ಇವತ್ತಿಗೂ ಓಡುತ್ತದೆ. ಓಡುವುದೇನೋ ಸರಿ, ನಿಲ್ಲುವುದೇ ಕಷ್ಟ.

ನಿಲ್ಲಿಸುವ ಕೆಲಸ ಅಮ್ಮನದು. ಮನೆಗೆ ಬರುವ ದಾರಿ ಪೂರಾ ಏರು. ಅರ್ಧ ದಾರಿಯಲ್ಲಿ ಎಂಜಿನ್ ಏದುಸಿರು ಬಿಟ್ಟು ನಿಂತರೆ, ಬ್ರೇಕ್ ಹಿಡಿಯದೆ ಗಾಡಿ ಹಿಂದಕ್ಕೆ ಜಾರುತ್ತದೆ. ಹಿಂದಿನ ಹಲಗೆಯ ಮೇಲೆ ಮರದ ತುಂಡು ಹಿಡಿದು ಕೂತ ಅಮ್ಮ, ಅಪ್ಪ "ಇಳಿ" ಎಂದ ಕೂಡಲೇ ಧುಮುಕಿ ಅದನ್ನು ಚಕ್ರದ ಹಿಂದೆ ತುರುಕಬೇಕು. ಇಷ್ಟು ವರ್ಷ ಹೀಗೇ ನಡೆದಿತ್ತು. ಈಗ ಅವಳ ಮಂಡಿ ಕೈಕೊಟ್ಟಿತು. ಇನ್ನೊಮ್ಮೆ ಧುಮುಕಿದರೆ ನಡೆಯುವುದನ್ನೇ ಮರೆಯಬೇಕಾಗುತ್ತದೆ ಎಂದು ಡಾಕ್ಟರ್ ಹೇಳಿದರು. ಅಮ್ಮ ಕೇಳುವ ಪೈಕಿಯಲ್ಲ.

"ನಾನಿಳೀದೆ ಇನ್ಯಾರು ಇಳೀತಾರೆ? ಗಾಡಿ ತಾನಾಗೇ ನಿಲ್ಲುತ್ತಾ?"

"ಹಾಗಾದ್ರೆ ಅದನ್ನ ಗುಜರಿಗೇ ಹಾಕಿ," ಎಂದು ನಾನು ರೇಗಿದೆ. ಇಬ್ಬರೂ ನನ್ನನ್ನು ದುರುಗುಟ್ಟಿಕೊಂಡು ನೋಡಿದರು.

ಅಂದಿನಿಂದ ಅಪ್ಪ ಒಂದು ಕಡೆ ನಿಲ್ಲಲಿಲ್ಲ. ಚಕ್ರ ಬಿಚ್ಚಿದ. ಚಕ್ರ ಹಿಡಿದು ನಿಲ್ಲಿಸುವ ಬ್ರೇಕ್ ಶೂ ಸವೆದು ರಿವೆಟ್ ಕಾಣುತ್ತಿತ್ತು, ಸಿಲಿಂಡರಿನ ರಬ್ಬರು ಮುಟ್ಟುತ್ತಲೇ ಪುಡಿಯಾಯಿತು. ಆ ಅಳತೆಯದು ಎಲ್ಲೂ ಸಿಗದೆ ಗುಜರಿ, ಲೇತ್ ಅಂಗಡಿ ಎಂದು ಅಲೆದ. ಊಟದ ನಡುವೆಯೇ ಎದ್ದು ಹೋಗಿ ಚಕ್ರದ ಡ್ರಮ್ ತಿರುಗಿಸಿ ನೋಡಿ ಬರುವನು.

"ಒಂದು ಗಳಿಗೆ ಕೂತ್ಕೊಳ್ಳಪ್ಪ, ನೋಡೋರಿಗೆ ತಲೆ ತಿರುಗುತ್ತೆ."

"ನಿಮ್ಮಮ್ಮ ಸುಮ್ನೆ ಕೂತ್ಕೊಂಡ್ರೆ ನಾನೂ ಕೂತ್ಕೋತೀನಿ," ಎಂದ. ಅವನಿಗೆ ಎಷ್ಟು ಭಯವಾಗಿದೆ ಎಂದು ನನಗೆ ಆಗ ತಿಳಿಯಿತು.

ಕೊನೆಗೆ ಹೇಗೋ ಶೂ, ರಬ್ಬರು ಹೊಂದಿಸಿ ಕೂರಿಸಿದ ಮೇಲೆ, ಬ್ರೇಕಿನ ಪೈಪಿನಲ್ಲಿದ್ದ ಗಾಳಿ ತೆಗೆಯುವುದೊಂದು ಉಳಿಯಿತು. ಅದಕ್ಕೆ ಇಬ್ಬರು ಬೇಕು, ಪೆಡಲ್ ಒತ್ತಲು ಒಬ್ಬರು, ಕೆಳಗೆ ನಟ್ಟು ಸಡಿಲಿಸಲು ಒಬ್ಬರು. ಅಮ್ಮನನ್ನು ಮೊದಲ ಸಲ ಡ್ರೈವರ್ ಸೀಟಿನಲ್ಲಿ ಕೂರಿಸಿ, ಅಪ್ಪ ಸ್ಪ್ಯಾನರ್ ಹಿಡಿದು ಗಾಡಿಯಡಿ ತೂರಿದ.

"ಒತ್ತು. ಹಿಡ್ಕೋ. ಈಗ ಬಿಡು."

"ಜೀವಮಾನವೆಲ್ಲ ಹೀಗೇ ಕುಣಿಸಿದ್ದಾಯ್ತು," ಎಂದಳು ಅಮ್ಮ, ಒತ್ತುತ್ತಲೇ. ಆಯಿಲ್ ಜೊತೆ ಬರುತ್ತಿದ್ದ ಗುಳ್ಳೆಗಳು ನಿಂತವು, ಪೆಡಲ್ ಗಟ್ಟಿಯಾಯಿತು.

ಪರೀಕ್ಷೆಗೆಂದು ಏರಿನ ಕಡೆ ಹೊರಟರು. ಅಮ್ಮ ಹಠ ಹಿಡಿದು ಹಿಂದೆಯೇ ಕೂತಳು, ಮರದ ತುಂಡು ಮಡಿಲಲ್ಲಿ. ನಾನು ಕೆಳಗೆ ನಿಂತು ನೋಡುತ್ತಿದ್ದೆ. ಏರಿನ ನಡುವೆ ಅಪ್ಪ ಗೇರ್ ನ್ಯೂಟ್ರಲ್‌ಗೆ ತಂದು ಬ್ರೇಕ್ ಒತ್ತಿದ. ಗಡಗಡಿ ಗೂಟ ಹೊಡೆದಂತೆ ನಿಂತಿತು. ಬ್ರೇಕ್ ರಿಪೇರಿಯಾಗಿತ್ತು, ಅವನ ಬಾಯಿ ಆಗಿರಲಿಲ್ಲ. "ಇಳಿ" ಎಂದುಬಿಟ್ಟ. ಅಮ್ಮ ಧುಮುಕಿದಳು, ಮಂಡಿ ಮಡಚಿ ಗಾಡಿಯ ಹಿಂದೆಯೇ ಕುಸಿದಳು.

ಅವಳು ಬಿದ್ದ ಸದ್ದಿಗೆ ಅಪ್ಪ ಎಲ್ಲ ಬಿಟ್ಟು ಕೆಳಗೆ ಹಾರಿದ. ಬ್ರೇಕಿನ ಮೇಲಿದ್ದ ಕಾಲೂ ಅವನ ಜೊತೆಗೇ ಬಂತು. ಹ್ಯಾಂಡ್‌ಬ್ರೇಕ್ ಎಂಬುದು ಆ ಗಾಡಿಗೆ ಎಂದೂ ಇರಲಿಲ್ಲ. ಅದು ಅವಳ ಕಡೆಗೇ ಜಾರತೊಡಗಿತು. ನಾನು ಏರು ಹತ್ತಿ ಓಡಿದೆ, ಆದರೆ ಅಷ್ಟು ದೂರದಿಂದ ಎಲ್ಲಿ ಮುಟ್ಟುವುದು? ಅಮ್ಮ ಕೂತಲ್ಲಿಂದಲೇ ಕೈಚಾಚಿ ತುಂಡನ್ನು ಚಕ್ರದಡಿ ನೂಕಿದಳು. ಚಕ್ರ ಅದರ ಮೇಲೆ ಅರ್ಧ ಹತ್ತಿ ನಿಂತಿತು.

ಅಪ್ಪ ಅವಳ ಪಕ್ಕ ಕುಕ್ಕರಿಸಿದ. ಅವಳ ಮಂಡಿಯನ್ನು ಎರಡೂ ಕೈಯಲ್ಲಿ ಹಿಡಿದು ರಸ್ತೆಯಲ್ಲೇ ಕೂತುಬಿಟ್ಟ, ಎಬ್ಬಿಸಿದರೂ ಏಳಲಿಲ್ಲ. ನಾನು ಇಬ್ಬರಿಗೂ ಬೈದೆ, ಬೈಯುತ್ತಲೇ ಅತ್ತುಬಿಟ್ಟೆ.

ಮಂಡಿ ಊದಿಕೊಂಡಿತು, ಆದರೆ ಉಳಿಯಿತು. ಅಪ್ಪ ಹಿಂದಿನ ಹಲಗೆ ಕಿತ್ತು, ತನ್ನ ಪಕ್ಕದಲ್ಲೇ ಅವಳಿಗೊಂದು ಸೀಟು ಬೆಸುಗೆ ಹಾಕಿದ. ಹ್ಯಾಂಡ್‌ಬ್ರೇಕನ್ನೂ ಇಟ್ಟ, ಅವಳ ಕೈಗೆ ಸಿಗುವ ಹಾಗೆ. ಅಮ್ಮ ನಿಧಾನವಾಗಿ ಹತ್ತಿ ಕೂತು, ಮರದ ತುಂಡನ್ನು ಕಾಲ ಬುಡದಲ್ಲಿಟ್ಟುಕೊಂಡಳು.

"ಇನ್ನೂ ಅದ್ಯಾಕೆ? ಬ್ರೇಕ್ ಮೇಲೆ ನಂಬಿಕೆ ಇಲ್ವಾ?" ಎಂದ ಅಪ್ಪ.

"ಬ್ರೇಕ್ ಮೇಲಿದೆ," ಎಂದಳು. "ನಿಮ್ಮ ಮೇಲಿಲ್ಲ. ನಡೀರಿ."